ಕಾಯಲಾಗದವನ ಎದುರು

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಹಳ್ಳಿಗಳಿಂದ ಬಂದಿರುವ ತಂದೆತಾಯಂದಿರೆ, ಪ್ರೀತಿಯ ಪದವೀಧರರೆ,

ನಿಮ್ಮಲ್ಲಿ ಬಹಳ ಮಂದಿಯ ಕಾಲೇಜು ಫೀಸು ಕಟ್ಟಿದ್ದು ಅಡಿಕೆ. ಹಾಗಾಗಿ ವ್ಯಾಪಾರದ ನೀತಿಯ ಮಾತನ್ನು ಅಡಿಕೆಯಿಂದಲೇ ಶುರುಮಾಡುತ್ತೇನೆ.

ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಚೀಲ ಸೇರುವ ಹೊತ್ತಿಗೆ ಬೆಳೆಗಾರನ ತಲೆಯ ಮೇಲೆ ಸಾಲ ಇದ್ದೇ ಇರುತ್ತದೆ. ಕೊಳೆರೋಗದ ಔಷಧಿಗೆ, ಕೊನೆಗಾರನ ಕೂಲಿಗೆ, ಮಗಳ ಓದಿಗೆ ಮಂಡಿಯಿಂದ ಮುಂಗಡ ತಂದಿರುತ್ತಾನೆ. ಮುಂಗಡ ಕೊಟ್ಟವರಿಗೇ ಅಡಿಕೆ ಹಾಕಬೇಕು, ಅವರು ಹೇಳಿದ್ದೇ ದರ. ಹಳದಿ ಎಲೆ ರೋಗದಿಂದ ತೋಟ ಸೊರಗಿರುವ ಕಡೆಗಳಲ್ಲಂತೂ ಚೌಕಾಶಿಯ ಮಾತೇ ಇಲ್ಲ. ಮಾರುವವನೂ ಕೊಳ್ಳುವವನೂ ಒಪ್ಪಿಯೇ ವ್ಯವಹಾರ ಮುಗಿಸುತ್ತಾರೆ, ನಿಜ. ಆದರೆ ಒಬ್ಬನಿಗೆ ಮುಂದಿನ ವಾರದವರೆಗೆ ಕಾಯುವ ಶಕ್ತಿಯಿದೆ, ಇನ್ನೊಬ್ಬನಿಗಿಲ್ಲ. ಆ ಅಂತರವೊಂದರಿಂದಲೇ ಹುಟ್ಟಿದ ಲಾಭವನ್ನು ದುಡಿಮೆಯ ಫಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ವ್ಯಾಪಾರಿಗೆ ಲಾಭ ಬೇಡವೆ? ಬೇಕು. ಅಡಿಕೆಯನ್ನು ಉತ್ತರ ಭಾರತಕ್ಕೆ ಕಳಿಸಿ, ಹಣ ಬರುವ ತನಕ ಕಾದು, ದರ ಕುಸಿದರೆ ನಷ್ಟ ಹೊರುವವನಿಗೆ ಅದು ಸಲ್ಲಲೇಬೇಕು.

1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡಿನ ಬೆಳೆಗಾರರು ಕಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಕಾಯುವ ಶಕ್ತಿಯ ಈ ಅಂತರಕ್ಕೇ ಕೈಹಾಕಿತು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ಬೇರೆಬೇರೆಯಾಗಿ ಟೆಂಡರಿಗಿಡುವುದು, ದರ ಒಪ್ಪಿಗೆಯಾಗದಿದ್ದರೆ ದಾಸ್ತಾನಿನ ಮೇಲೆ ಸಾಲ ಕೊಡುವುದು, ಇಷ್ಟರಿಂದಲೇ ಬೆಳೆಗಾರನಿಗೆ 'ಇವತ್ತು ಮಾರುವುದಿಲ್ಲ' ಎನ್ನುವ ಧೈರ್ಯ ಬರುತ್ತದೆ. ಸಂಘಕ್ಕೆ ಅಡಿಕೆ ಹಾಕದವನಿಗೂ ಇದರಿಂದ ಲಾಭವಿದೆ. ಸಂಘದ ದರ ಊರಿಗೆಲ್ಲ ಗೊತ್ತಿರುವಾಗ ಖಾಸಗಿ ಮಂಡಿಯವರು ಅದಕ್ಕಿಂತ ತೀರಾ ಕೆಳಗಿಳಿಯಲಾರರು. ಕರಾವಳಿಯಲ್ಲಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರ ಸಂಸ್ಥೆ ಕೋಕೋ ವಿಷಯದಲ್ಲೂ ಹೀಗೇ ಬೆಳೆಗಾರರ ಬೆನ್ನಿಗೆ ನಿಂತಿತು. ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ತಾನೇ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಆದರೆ ಟೆಂಡರ್ ಇದ್ದಮಾತ್ರಕ್ಕೆ ಪೈಪೋಟಿ ಇದೆ ಎಂದಲ್ಲ. ಖರೀದಿದಾರರು ಮೊದಲೇ ಮಾತಾಡಿಕೊಂಡು ದರ ಬರೆದರೆ ಚೀಟಿ ಹತ್ತಿದ್ದರೂ ಕೊಳ್ಳುವವನು ಒಬ್ಬನೇ. 2002ರ ಸ್ಪರ್ಧಾ ಕಾಯ್ದೆ ಇಂಥ ಒಳಒಪ್ಪಂದವನ್ನು ನಿಷೇಧಿಸಿದೆ. ನಿಮ್ಮಲ್ಲಿ ಯಾರಾದರೂ ನಾಳೆ ಅಂಥ ಒಪ್ಪಂದದ ಮೇಜಿನ ಸುತ್ತ ಕೂರಬಹುದು. ಆಗ ಎದ್ದು ಬರುವ ಕಸುವು ನಿಮಗಿರಲಿ ಎಂದು ಹಾರೈಸುತ್ತೇನೆ.

ಇನ್ನು ಬೆಳೆಗಾರರಾದ ನಮ್ಮ ಮನೆಯ ಮಾತು. ಸರಿಯಾಗಿ ಒಣಗದ ಅಡಿಕೆಯನ್ನು ತೂಕಕ್ಕೆ ಹಾಕುವವರು, ಕಳಪೆ ಅಡಿಕೆಗೆ ಬಣ್ಣ ಕೊಟ್ಟು ರಾಶಿಯಲ್ಲಿ ಬೆರೆಸುವವರು ನಮ್ಮಲ್ಲೂ ಇದ್ದಾರೆ. ಒಂದು ಚೀಲದಲ್ಲಿ ಮೋಸ ಸಿಕ್ಕರೆ ಖರೀದಿದಾರ ಇಡೀ ಸೀಮೆಯ ಅಡಿಕೆಗೆ ದರ ಇಳಿಸುತ್ತಾನೆ. ಒಬ್ಬ ಮಾಡಿದ್ದಕ್ಕೆ ಪಕ್ಕದ ಮನೆಯ ಪ್ರಾಮಾಣಿಕ ದಂಡ ತೆರುತ್ತಾನೆ. ಹೀಗಿರುವ ನಾವೇ ಹೊರದೇಶದ ಅಗ್ಗದ ಅಡಿಕೆ ತಡೆಯಿರಿ ಎಂದು ಸರ್ಕಾರದ ಬಾಗಿಲು ಬಡಿದೆವು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಆ ಕೇಳಿಕೆ ನ್ಯಾಯವಾದದ್ದೇ. ಆದರೆ ನಮ್ಮ ಚೀಲದಲ್ಲೇ ಕಲಬೆರಕೆ ಇಟ್ಟುಕೊಂಡು ಯಾವ ಮುಖದಿಂದ ರಕ್ಷಣೆ ಕೇಳುವುದು?

ಪದವೀಧರರೆ, ನಿಮ್ಮಲ್ಲಿ ಕೆಲವರು ಬೆಂಗಳೂರಿಗೆ ಹೋಗುತ್ತೀರಿ, ಕೆಲವರು ತೋಟಕ್ಕೇ ಮರಳುತ್ತೀರಿ. ಎಲ್ಲಿದ್ದರೂ ವರ್ಷಕ್ಕೊಮ್ಮೆ ಅಪ್ಪ ಅಮ್ಮ ಸದಸ್ಯರಾಗಿರುವ ಸಹಕಾರ ಸಂಘದ ಮಹಾಸಭೆಯ ವಾರ್ಷಿಕ ವರದಿಯನ್ನು ಅವರ ಜೊತೆ ಕೂತು ಓದಿ. ಟೆಂಡರಿಗೆ ಎಷ್ಟು ಖರೀದಿದಾರರು ಬಂದರು, ಎಷ್ಟು ಲಾಟಿಗೆ ಒಂದೇ ದರ ಬಿತ್ತು, ಬಣ್ಣ ಹಾಕಿದ ಅಡಿಕೆ ಎಷ್ಟು ವಾಪಸಾಯಿತು ಎಂಬ ಪ್ರಶ್ನೆಗಳನ್ನು ಪಟ್ಟಿಮಾಡಿ ಅವರ ಕೈಗೆ ಕೊಡಿ. ಸಭೆಯಲ್ಲಿ ಅವರೇ ಎದ್ದು ನಿಂತು ಕೇಳಲಿ.