ಹಳೆಯ ಅಂಬಾಸಡರ್‌ಗೆ ಬೇರೆ ಎಂಜಿನ್



ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದು ಹಳೆಯ ಕಾರಿನ ಕಥೆ ಇದ್ದೇ ಇರುತ್ತದೆ. ಹಾಸನದಲ್ಲೋ ಧಾರವಾಡದಲ್ಲೋ ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ನಿಂತ ಅಂಬಾಸಡರ್. ಅದರ ಮೇಲೆ ಎಂವೈ ಅಥವಾ ಎಂಇ ಎಂದು ಶುರುವಾಗುವ ಹಳೆಯ ನಂಬರು. ಮಾರಲು ಮನಸ್ಸಿಲ್ಲ, ಓಡಿಸೋಣವೆಂದರೆ ಎಂಜಿನ್ ಸಹಕರಿಸುವುದಿಲ್ಲ. ಆಗ ತಿಳಿದವರೊಬ್ಬರು ಸಲಹೆ ಕೊಡುತ್ತಾರೆ: "ಅದಕ್ಕೆ ಇಸುಜು ಎಂಜಿನ್ ಕೂರಿಸಿಬಿಡಿ, ಎರಡು ಭಾನುವಾರದ ಕೆಲಸ."

ಈ ಎರಡು ಭಾನುವಾರದ ಕೆಲಸದ ಬಗ್ಗೆಯೇ ಇವತ್ತಿನ ನನ್ನ ಮಾತು. ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕುವುದು ಸಾಧ್ಯವಿಲ್ಲದ ಕೆಲಸವೇನಲ್ಲ. ನಮ್ಮ ಕಾರ್ಖಾನೆಗಳೇ ಅದನ್ನು ಮಾಡಿ ತೋರಿಸಿವೆ. ಆದರೆ ಎಂಜಿನ್ ಬದಲಾಯಿಸುವುದೆಂದರೆ ಎಂಜಿನ್ ಒಂದನ್ನೇ ಬದಲಾಯಿಸುವುದಲ್ಲ. ಅದರ ಹಿಂದೆ ಗೇರ್ ಬಾಕ್ಸ್, ಬ್ರೇಕ್, ವೈರಿಂಗ್, ಕೊನೆಗೆ ಆರ್.ಸಿ. ಪುಸ್ತಕ ಎಲ್ಲವೂ ಸಾಲಾಗಿ ಬರುತ್ತವೆ. ಈ ಸಾಲಿನಲ್ಲಿ ಒಂದನ್ನು ಬಿಟ್ಟರೂ ಅಪಾಯ, ಆ ಅಪಾಯ ನಮಗೆ ಮಾತ್ರವಲ್ಲ, ರಸ್ತೆಯಲ್ಲಿ ಎದುರು ಬರುವವರಿಗೂ.

ಮೊದಲು ಕಾರ್ಖಾನೆಗಳ ಉದಾಹರಣೆ ನೋಡೋಣ. 1985ರಲ್ಲಿ ಮುಂಬೈಯ ಪ್ರೀಮಿಯರ್ ಕಂಪನಿ 118ಎನ್ಇ ಕಾರನ್ನು ತಂದಿತು. ಅದರ ಬಾಡಿ ಇಟಲಿಯ ಫಿಯಟ್ 124ರದ್ದು, ಎಂಜಿನ್ ಮಾತ್ರ ಜಪಾನಿನ ನಿಸಾನ್ ಕಂಪನಿಯ 1171 ಸಿಸಿಯದು. ಹಿಂದುಸ್ತಾನ್ ಮೋಟರ್ಸ್‌ನ ಕಾಂಟೆಸಾ ಕೂಡ ಹಾಗೆಯೇ. ಅದು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನ ಬಾಡಿ. ಮೊದಲು ಅಂಬಾಸಡರ್‌ನ 1489 ಸಿಸಿ ಎಂಜಿನ್ ಹೊತ್ತು ಏದುಸಿರು ಬಿಡುತ್ತಿತ್ತು, ಮುಂದೆ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂದ ಮೇಲೆ ಅದರ ನಡಿಗೆಯೇ ಬದಲಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಅದೇ ಇಸುಜು ಎಂಜಿನ್ ಐದು ಗೇರುಗಳೊಂದಿಗೆ ಅಂಬಾಸಡರ್‌ಗೂ ಬಂತು. ಹಳೆಯ ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಶಕ್ತಿ, ಇಸುಜುವಿನದು ಸುಮಾರು 75.

ಈಗ ಗಮನಿಸಿ. ಕಾರ್ಖಾನೆಯವರು ಎಂಜಿನ್ನಿನ ಜೊತೆಗೆ ಅದಕ್ಕೆ ಹೊಂದುವ ಗೇರ್ ಬಾಕ್ಸ್, ಮೌಂಟಿಂಗ್, ರೇಡಿಯೇಟರ್, ವೈರಿಂಗ್ ಎಲ್ಲವನ್ನೂ ಕೂರಿಸಿದರು, ಪರೀಕ್ಷೆ ಮಾಡಿದರು, ಸರ್ಕಾರದ ಅನುಮೋದನೆ ಪಡೆದರು. ಮನೆಯಲ್ಲಿ ಮಾಡುವವರಿಗೆ ಇದಿಷ್ಟೂ ಸ್ವಂತ ಜವಾಬ್ದಾರಿ.

ಹಾಗಾಗಿ ಮೊದಲನೆಯ ಪ್ರಶ್ನೆ: ಎಂಜಿನ್ ಬದಲಾಯಿಸಲೇಬೇಕೆ? ಎಷ್ಟೋ ಬಾರಿ ಬೇಕಾಗಿರುವುದಿಲ್ಲ. ವರ್ಷಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿದ್ದರೆ ಎಂಜಿನ್ ಸತ್ತಿದೆ ಎಂದು ಅರ್ಥವಲ್ಲ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ನಾಲ್ಕೂ ಸಿಲಿಂಡರುಗಳಲ್ಲಿ ಒತ್ತಡ ಹೆಚ್ಚು ಕಡಿಮೆ ಒಂದೇ ಸಮ ಇದ್ದರೆ ಕಾರ್ಬುರೇಟರ್, ಇಗ್ನಿಷನ್, ಪೆಟ್ರೋಲ್ ಪಂಪುಗಳ ಸೇವೆಯಲ್ಲೇ ಕೆಲಸ ಮುಗಿಯಬಹುದು. ಒತ್ತಡ ಬಿದ್ದಿದ್ದರೂ ರಿಂಗ್, ವಾಲ್ವ್, ಬೇರಿಂಗ್ ಬದಲಿಸಿ ಓವರ್‌ಹಾಲ್ ಮಾಡಬಹುದು. ಅಂಬಾಸಡರ್‌ನ ಹಳೆಯ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಎಂ.ಜಿ. ಸ್ಪೋರ್ಟ್ಸ್ ಕಾರುಗಳಲ್ಲೂ ಅದೇ ಕುಟುಂಬದ ಎಂಜಿನ್ ಇತ್ತು. ಸರಳವಾದ, ಗಟ್ಟಿಯಾದ, ರಿಪೇರಿಗೆ ಒಗ್ಗುವ ಯಂತ್ರ ಅದು.

ಎರಡನೆಯ ಪ್ರಶ್ನೆ ಕಾನೂನಿನದು. ಸ್ಪ್ಯಾನರ್ ಹಿಡಿಯುವ ಮೊದಲೇ ಇದಕ್ಕೆ ಉತ್ತರ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅನುಮೋದಿತ ಕಿಟ್ ಬಳಸಿ ಸಿ.ಎನ್.ಜಿ.ಗೋ ವಿದ್ಯುತ್ತಿಗೋ ಬದಲಾಯಿಸಲು ಕಾಯ್ದೆಯಲ್ಲಿ ದಾರಿ ಇದೆ. ಆದರೆ ಗುಜರಿಯಿಂದ ತಂದ ಬೇರೆ ಮಾದರಿಯ ಎಂಜಿನ್ನಿಗೆ ಅಂಥ ಸಲೀಸು ದಾರಿ ಇಲ್ಲ. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲು ನಿಮ್ಮ ಆರ್.ಟಿ.ಒ. ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಕೇಳಿ. ಒಪ್ಪಿಗೆ ಸಿಗದಿದ್ದರೆ ಹಳೆಯ ಎಂಜಿನ್ನಿನ ಓವರ್‌ಹಾಲ್‌ಗೇ ಮನಸ್ಸು ಮಾಡಿ. ಬಾಯಿಮಾತಿನ "ನಡೆಯುತ್ತೆ ಸಾರ್" ಎಂಬ ಭರವಸೆ ಅಪಘಾತವಾದ ದಿನ ನಡೆಯುವುದಿಲ್ಲ. ಆರ್.ಸಿ.ಯಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ ಕೆಳಗೆ ಇನ್ನೊಂದು ಇದ್ದರೆ ವಿಮಾ ಕಂಪನಿ ಪರಿಹಾರವನ್ನು ನಿರಾಕರಿಸಬಹುದು.

ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರುಗಳಿಗೆ ಅದು ಸಲ್ಲುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ ನಿಜ, ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗೆ ಮಾತ್ರ. ಆದರೆ 1960ರ ದಶಕದ ಒಂದು ಅಂಬಾಸಡರ್‌ಗೆ ಇವತ್ತು ಬೇರೆ ಎಂಜಿನ್ ಹಾಕಿದರೆ ಆ ಮಾನ್ಯತೆ ಕೈತಪ್ಪುತ್ತದೆ ಎಂಬುದು ನೆನಪಿರಲಿ.

ಊರಿನ ಕಾರನ್ನು ಈ ನಗರಗಳಿಗೆ ತರುವವರಿಗೂ ಒಂದು ಸೂಚನೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಬೇಕು, ಅದಕ್ಕೆ ಕರ್ನಾಟಕದಿಂದ ನಿರಾಕ್ಷೇಪಣಾ ಪತ್ರ ಬೇಕು. ದೆಹಲಿಯ ಶ್ರೋತೃಗಳು ಇನ್ನೂ ಎಚ್ಚರದಿಂದಿರಬೇಕು. ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. 2025ರಲ್ಲಿ ಮತ್ತೆ ಹೊಸ ಆದೇಶಗಳು ಬಂದವು. ತರುವ ಮೊದಲು ವಿಚಾರಿಸಿಕೊಳ್ಳಿ.

ಒಪ್ಪಿಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಈಗ ಎಂಜಿನ್ ಹುಡುಕಾಟ. ಮುಂಬೈಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ, ಇವೆಲ್ಲ ಹಳೆಯ ಬಿಡಿಭಾಗಗಳಿಗೆ ಹೆಸರಾದ ಜಾಗಗಳು. ಅಲ್ಲಿ ಎಂಜಿನ್ ಕೊಂಡರೆ ನಂಬರು ನಮೂದಿಸಿದ ಬಿಲ್ಲು ಮತ್ತು ಅದು ಯಾವ ವಾಹನದಿಂದ ಬಂತು ಎಂಬ ದಾಖಲೆ ಪಡೆಯಿರಿ. ಉಜ್ಜಿ ಅಳಿಸಿದ ನಂಬರಿನ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ, ಕಳವಿನ ಮಾಲು ಕೊಂಡ ತಲೆನೋವು ನಿಮ್ಮದಾಗುತ್ತದೆ. ಸಾಧ್ಯವಾದರೆ ಎಂಜಿನ್, ಗೇರ್ ಬಾಕ್ಸ್, ಕ್ಲಚ್, ಸ್ಟಾರ್ಟರ್, ಆಲ್ಟರ್ನೇಟರ್, ಮೌಂಟಿಂಗ್ ಎಲ್ಲವನ್ನೂ ಒಂದೇ ಕಾರಿನಿಂದ, ಒಂದೇ ಸೆಟ್ಟಾಗಿ ತನ್ನಿ. ಹಳೆಯ ಅಂಬಾಸಡರ್‌ಗೆ ಇಸುಜು ಎಂಜಿನ್ ಬೇಕೆಂದರೆ ಇಸುಜು ಅಂಬಾಸಡರ್‌ನಿಂದಲೇ ತರುವುದು ಒಳ್ಳೆಯದು.

ಮುಂದಿನದು ಅಳತೆ. ಎಂಜಿನ್ನಿನ ಉದ್ದ, ಎತ್ತರ, ಎಣ್ಣೆಯ ಸಂಪ್ ಎಲ್ಲಿ ಇಳಿಯುತ್ತದೆ, ಸೈಲೆನ್ಸರ್ ಕೊಳವೆ ಯಾವ ಕಡೆ ಬರುತ್ತದೆ, ಸ್ಟಿಯರಿಂಗ್‌ಗೆ ತಾಗುತ್ತದೆಯೇ, ಫ್ಯಾನಿಗೂ ರೇಡಿಯೇಟರಿಗೂ ಎಷ್ಟು ಜಾಗ ಉಳಿಯುತ್ತದೆ, ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ರಟ್ಟು, ಪ್ಲೈವುಡ್ಡಿನಲ್ಲಿ ಎಂಜಿನ್ನಿನ ಆಕಾರ ಕತ್ತರಿಸಿ ಬಾನೆಟ್ ಕೆಳಗೆ ಇಟ್ಟು ನೋಡುವುದು ಹಳೆಯ ಮೆಕ್ಯಾನಿಕ್‌ಗಳ ಉಪಾಯ. ಹಳೆಯ ಅಂಬಾಸಡರ್‌ನಲ್ಲಿ ಗೇರ್ ಕಡ್ಡಿ ಸ್ಟಿಯರಿಂಗ್ ಪಕ್ಕದಲ್ಲಿದೆ. ಐದು ಗೇರಿನ ಪೆಟ್ಟಿಗೆಯದು ನೆಲದಿಂದ ಮೇಲೇಳುತ್ತದೆ. ಅಂದರೆ ಕಾರಿನ ನೆಲದಲ್ಲಿ ರಂಧ್ರ ಕೊರೆಯಬೇಕು, ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಉದ್ದ ಬದಲಾಗಬೇಕು. ಆ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿದರಷ್ಟೇ ಸಾಲದು, ಲೇತ್ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಬೇಕು. ಇಲ್ಲದಿದ್ದರೆ 70 ಕಿಲೋಮೀಟರ್ ವೇಗದಲ್ಲಿ ಇಡೀ ಕಾರು ನಡುಗುತ್ತದೆ.

ಎಂಜಿನ್ ಎತ್ತುವ ದಿನ ಮಾತ್ರ ಆತುರ ಬೇಡವೇ ಬೇಡ. 150 ಕಿಲೋಗೂ ಮಿಗಿಲಾದ ಕಬ್ಬಿಣ ಅದು. ಹಲಸಿನ ಮರದ ಕೊಂಬೆ, ಶೆಡ್ಡಿನ ತೊಲೆ ಇವನ್ನು ನಂಬಬೇಡಿ. ಎಂಜಿನ್ ಕ್ರೇನ್ ಬಾಡಿಗೆಗೆ ಸಿಗುತ್ತದೆ. ಕಾರಿನ ಕೆಳಗೆ ಹೋಗುವಾಗ ಜ್ಯಾಕ್ ಮೇಲಷ್ಟೇ ಭಾರ ಬಿಡದೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಡಿ. ಇಟ್ಟಿಗೆ ಸದ್ದಿಲ್ಲದೆ ಪುಡಿಯಾಗುತ್ತದೆ. ಬ್ಯಾಟರಿ ಮೊದಲೇ ಕಳಚಿ, ಪೆಟ್ರೋಲ್ ಖಾಲಿ ಮಾಡಿ. ಬಿಚ್ಚಿದ ಪ್ರತಿ ವೈರಿಗೂ ಚೀಟಿ ಕಟ್ಟಿ, ಫೋಟೊ ತೆಗೆದಿಡಿ. ನೆನಪಿಗಿಂತ ಚೀಟಿ ಮೇಲು.

ವೈರಿಂಗ್‌ನಲ್ಲಿ ಒಂದು ಸೂಕ್ಷ್ಮವಿದೆ. ಬ್ರಿಟಿಷ್ ಮೂಲದ ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಟ್ಟಿರುತ್ತಾರೆ. ಹೊಸ ಆಲ್ಟರ್ನೇಟರ್‌ಗೆ ನೆಗೆಟಿವ್ ತುದಿ ಬಾಡಿಗೆ ಹೋಗಬೇಕು. ಇದನ್ನು ನೋಡದೆ ಜೋಡಿಸಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ. ಪೆಟ್ರೋಲ್ ಕೊಳವೆಗಳನ್ನೂ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರ್ ಅದನ್ನು ತಡೆಯದೆ ಮೆದುವಾಗಿ ಬಿರಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಇರುವ ಆಧುನಿಕ ಎಂಜಿನ್ ಬೇಕೆಂದರೆ ಅದರ ಕಂಪ್ಯೂಟರ್, ಸೆನ್ಸರುಗಳು, ಹೆಚ್ಚು ಒತ್ತಡದ ಪಂಪು ಎಲ್ಲವೂ ಬೇಕಾಗುತ್ತವೆ. ಮೊದಲ ಬಾರಿ ಮಾಡುವವರಿಗೆ ಕಾರ್ಬುರೇಟರ್ ಎಂಜಿನ್ನೇ ಲೇಸು.

ಈಗ ಬಹು ಮುಖ್ಯವಾದದ್ದು ಬ್ರೇಕ್. ಚಲಿಸುವ ವಾಹನದ ಶಕ್ತಿ ವೇಗದ ವರ್ಗದಷ್ಟು ಹೆಚ್ಚುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. 60 ಕಿಲೋಮೀಟರ್ ವೇಗದ ಕಾರು 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಆದರೆ ಬ್ರೇಕ್ ಅರಗಿಸಬೇಕಾದ ಶಕ್ತಿ ಎರಡೂಕಾಲು ಪಟ್ಟು. ಹಳೆಯ ಅಂಬಾಸಡರ್‌ನ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕ್. ಹಳೆಯ ಎಂಜಿನ್ನಿನ ವೇಗಕ್ಕೆ ಅದು ಸಾಕಾಗಿತ್ತು. ಪದೇಪದೇ ಬ್ರೇಕ್ ಒತ್ತಿದಾಗ ಡ್ರಮ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪುಣೆ ಮುಂಬೈ ನಡುವಿನ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಇಳಿಯುವಾಗ ಆ ಅನುಭವ ಯಾರಿಗೂ ಬೇಡ. ಆದ್ದರಿಂದ ನನ್ನ ಸಲಹೆ ಇಷ್ಟು: ಹೊಸ ಎಂಜಿನ್ ಕೂರಿಸುವ ಮೊದಲೇ ಬ್ರೇಕ್ ಕೆಲಸ ಮುಗಿಸಿ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್‌ಗಳು, ಹೋಸ್, ಲೈನಿಂಗ್ ಎಲ್ಲವೂ ಹೊಸದಾಗಲಿ. ಡಿಸ್ಕ್ ಬ್ರೇಕ್ ಹಾಕುವುದಾದರೆ ಅದಕ್ಕೂ ಆರ್.ಟಿ.ಒ.ಗೆ ತಿಳಿಸಿ, ನುರಿತವರಿಂದಲೇ ಮಾಡಿಸಿ. ಟೈರುಗಳನ್ನೂ ನೋಡಿ. ತುಳಿತ ಚೆನ್ನಾಗಿದ್ದರೂ ಹತ್ತು ವರ್ಷ ನಿಂತ ಟೈರ್ ರಸ್ತೆಗೆ ಯೋಗ್ಯವಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಪ್ಲಗ್ ಕಳಚಿ ಬರೀ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ಬಂದ ಮೇಲೆ ಮಾತ್ರ ಪ್ಲಗ್ ಹಾಕಿ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ಮೊದಲ ಕೆಲವು ದಿನ ಮನೆಯ ಸುತ್ತಮುತ್ತ ನಿಧಾನವಾಗಿ ಓಡಿಸಿ, ಪ್ರತಿ ಬಾರಿ ಬೋಲ್ಟ್‌ಗಳನ್ನೂ ಸೋರಿಕೆಯನ್ನೂ ನೋಡಿ. ಆಮೇಲೆ ಆರ್.ಟಿ.ಒ. ತಪಾಸಣೆ ಮಾಡಿಸಿ, ಹೊಸ ಎಂಜಿನ್ ನಂಬರು ಆರ್.ಸಿ.ಯಲ್ಲೂ ವಿಮಾ ಪಾಲಿಸಿಯಲ್ಲೂ ದಾಖಲಾದ ಮೇಲಷ್ಟೇ ಹೆದ್ದಾರಿಯ ಮಾತು.

ಕೊನೆಗೊಂದು ವಿನಂತಿ. ಬಿಚ್ಚಿದ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಪ್ಲಗ್ ಬಿಗಿದು, ತೂತುಗಳನ್ನು ಮುಚ್ಚಿ, ಮರದ ಹಲಗೆಯ ಮೇಲೆ ಒಣಗಿದ ಜಾಗದಲ್ಲಿಡಿ. ಬಾಡಿಯನ್ನೂ ಆದಷ್ಟು ಕತ್ತರಿಸದೆ, ಬೋಲ್ಟ್ ಮೂಲಕವೇ ಹೊಸ ಭಾಗಗಳನ್ನು ಕೂರಿಸಿ. ನಾಳೆ ಮನಸ್ಸು ಬದಲಾದರೆ, ಅಥವಾ ಮುಂದಿನ ತಲೆಮಾರಿನವರು ಕಾರನ್ನು ಮೂಲ ರೂಪಕ್ಕೆ ತರಬೇಕೆಂದರೆ, ದಾರಿ ತೆರೆದಿರಬೇಕು. ಉತ್ತರಪಾರಾ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಇಂಥ ಕಾರುಗಳು ಇನ್ನು ಹುಟ್ಟುವುದಿಲ್ಲ. ಉಳಿದವುಗಳ ಮೇಲೆ ಕೈ ಇಡುವಾಗ ಸ್ವಲ್ಪ ಹೆಚ್ಚು ಯೋಚಿಸಿ, ಸ್ವಲ್ಪ ನಿಧಾನವಾಗಿ ಕೆಲಸ ಮಾಡೋಣ.