ಅವ್ವನ ಉಸಿರಿಗೆ ಯಾವ ದಿಕ್ಕು?

(ಸುಬ್ರಹ್ಮಣ್ಯಪುರದ ಚಿಂತನಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

‘ಮನೆ ಮತ್ತು ಆರೋಗ್ಯ’ ಎಂಬ ವಿಷಯ ಕೊಟ್ಟಿದ್ದೀರಿ. ಸರ್ಕಾರಿ ಇಂಜಿನಿಯರ್ ಆಗಿದ್ದವನು, ಸಿಮೆಂಟು ಕಬ್ಬಿಣದ ಮಾತಾಡುತ್ತಾನೆ ಎಂದುಕೊಂಡಿರಬಹುದು. ಇವತ್ತು ನನ್ನದೇ ಒಂದು ತಪ್ಪನ್ನು ಹೇಳಲು ನಿಂತಿದ್ದೇನೆ.

ನಮ್ಮ ಅವ್ವನಿಗೆ ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಕಾಯಿಲೆ. ಹತೋಟಿಯಲ್ಲಿಡಬಹುದು, ವಾಸಿಯಾಗುವುದಿಲ್ಲ. ಬೀಡಿ ಸೇದುವವರಿಗೆ ಬರುವ ರೋಗ ಎಂದು ತಿಳಿದಿದ್ದೆವು. ‘ಇವರು ಸೌದೆ ಒಲೆಯಲ್ಲಿ ಎಷ್ಟು ವರ್ಷ ಅಡುಗೆ ಮಾಡಿದ್ದಾರೆ?’ ಎಂದು ಡಾಕ್ಟರು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ನಲವತ್ತು ವರ್ಷ. ಎಂಬತ್ತರ ದಶಕದಲ್ಲೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿದ್ದರು. ಅದನ್ನು ನೋಡಿ ಮೆಚ್ಚಿದವನು ನಾನು. ನಮ್ಮೂರ ಮನೆಗೆ ಒಂದನ್ನು ಹಾಕಿಸಲಿಲ್ಲ.

ಅಪ್ಪ ಲಿಂಗೈಕ್ಯರಾದ ಮೇಲೆ ಅವ್ವನನ್ನು ಇಲ್ಲಿಗೆ ಕರೆತರುವುದೆಂದಾಯಿತು. ನಾವಿದ್ದದ್ದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಬೇರೆ ಬಾಡಿಗೆ ಮನೆ ನೋಡಬೇಕಾಯಿತು. ದೊಡ್ಡಣ್ಣ ವಾಸ್ತು ನೋಡುವವರೊಬ್ಬರನ್ನು ಜೊತೆಗೆ ಕರೆತಂದರು. ಸಿಕ್ಕ ಮನೆಗೆ ಪೂರ್ವದ ಬಾಗಿಲು, ಈಶಾನ್ಯದಲ್ಲಿ ಪೂಜಾಕೋಣೆ, ನೈಋತ್ಯದಲ್ಲಿ ಹಿರಿಯರ ಕೋಣೆ. ಎಲ್ಲರಿಗೂ ಸಂತೋಷ. ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಮನೆಯ ನೆಲ ರಸ್ತೆಗಿಂತ ಅರ್ಧ ಅಡಿ ತಗ್ಗು, ಹಿಂಭಾಗ ರಾಜಕಾಲುವೆಯ ಕಡೆಗೆ ಇಳಿಜಾರು. ಅವ್ವನ ಕೋಣೆಗೆ ಇದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಗೋಡೆಯ ಬುಡಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಬುಡಕ್ಕೆ ಮಾತ್ರ ಯಾಕೆ ಬಳಿಯುತ್ತಾರೆಂದು ನಿನ್ನೆ ಕೆಲಸಕ್ಕೆ ಸೇರಿದ ಇಂಜಿನಿಯರನಿಗೂ ಗೊತ್ತು. ಅಣ್ಣನ ಎದುರು ನಾನು ಬಾಯಿ ಬಿಡಲಿಲ್ಲ.

ಆ ಮಳೆಗಾಲ ಮಂಚದ ಹಿಂದಿನ ಗೋಡೆಗೆ ಬೂಷ್ಟು ಬಂತು. ಅವ್ವ ಎರಡು ಸಲ ಆಸ್ಪತ್ರೆ ಸೇರಿದರು, ಎರಡನೇ ಸಲ ಮೂರು ದಿನ ಐಸಿಯುನಲ್ಲಿ. ವಾಸ್ತುವಿನವರನ್ನು ಅಣ್ಣ ಮತ್ತೆ ಕೇಳಿದರು. ಮಂಚ ತಿರುಗಿಸಿ ಹಾಕಿ ಎಂದರಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಕೇಳಿಕೊಂಡದ್ದು ಇಷ್ಟೇ. ದೇವರನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮಗೆ ಈಶಾನ್ಯ ಮೂಲೆ ಯಾಕೆ ಬೇಕು? ಎಲ್ಲಿ ಕೂತರೆ ಅಲ್ಲಿಯೇ ಪೂಜೆ ಎಂಬುದಕ್ಕಲ್ಲವೇ ಇಷ್ಟಲಿಂಗ? ವಾಸ್ತುವಿನ ವಿರುದ್ಧ ಇಂಥ ವೇದಿಕೆಗಳಲ್ಲಿ ಮಾತು ಕೇಳಿ ಚಪ್ಪಾಳೆ ತಟ್ಟಿದವನು ನಾನು. ಮನೆಯ ಬಾಗಿಲಲ್ಲಿ ಆ ಚಪ್ಪಾಳೆ ಮರೆತುಹೋಗಿತ್ತು.

ಎರಡನೇ ಸಲ ಅಳತೆ ಟೇಪು ಹಿಡಿದು ಹೊರಟೆ. ಒಂದೊಂದು ಮನೆಗೂ ಮೂರು ಹೊತ್ತು ಹೋದೆ: ಬೆಳಗಿನ ಜಾವ, ಶಾಲೆ ವಾಹನಗಳ ಹೊತ್ತು, ರಾತ್ರಿ. ಹಗಲಲ್ಲಿ ಚೆನ್ನಾಗಿ ಕಂಡ ಒಂದು ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಬೆಳಗ್ಗೆ ಆರಕ್ಕೆ ಎಲೆ, ಪ್ಲಾಸ್ಟಿಕ್ಕು ಸೇರಿಸಿ ಸುಡುತ್ತಿದ್ದರು. ಮೆಟ್ರೊ ಹತ್ತಿರ ಎಂದು ಕನಕಪುರ ರಸ್ತೆಗೆ ಅಂಟಿಕೊಂಡ ಮನೆಗಳನ್ನು ಬಿಟ್ಟೆ, ಎರಡು ಅಡ್ಡರಸ್ತೆ ಒಳಗೆ ಹುಡುಕಿದೆ. ಗಾಳಿಯ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಅವ್ವನ ಶ್ವಾಸಕೋಶಕ್ಕೆ ಈ ರಿಯಾಯಿತಿ ತಿಳಿಯುವುದಿಲ್ಲ.

ತೇವ ಪತ್ತೆಗೆ ಯಂತ್ರ ಬೇಡ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಬುಡಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ಗೋಡೆಯೇ ನೀರು ಕುಡಿದಿದೆ. ಮುಂದೆ ಕಂಡರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚು, ಗಾಳಿಯಾಟ ಸಾಲದು. ಅಡ್ವಾನ್ಸ್ ಕೊಡುವ ಮುಂಚೆ ಎರಡು ದಿನ ಕೇಳಿದ್ದಕ್ಕೆ ಇಬ್ಬರು ಮಾಲೀಕರು ಮುಖ ತಿರುಗಿಸಿದರು. ಅದೂ ಒಂದು ಉತ್ತರವೇ.

ಇನ್ನು ಕರೆಂಟು. ನಿಮಿಷಕ್ಕೆ 5 ಲೀಟರ್ ಕೊಡುವ ಆಕ್ಸಿಜನ್ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ನಾಲ್ಕು ಗಂಟೆಗೆ 1400 ವಾಟ್-ಅವರ್. 150 ಆಂಪಿಯರ್-ಅವರಿನ ಒಂದು ಬ್ಯಾಟರಿ ಲೆಕ್ಕದಲ್ಲಿ 1800 ಕೊಡಬೇಕು. ಇನ್ವರ್ಟರಿನ ನಷ್ಟವನ್ನೂ, ಪೂರ್ತಿ ಖಾಲಿ ಮಾಡಬಾರದೆಂಬುದನ್ನೂ ಕಳೆದರೆ ಮೂರು ಗಂಟೆಯೂ ಖಾತ್ರಿಯಿಲ್ಲ. ಆದ್ದರಿಂದ ಎರಡು ಬ್ಯಾಟರಿ, ಜೊತೆಗೆ ತುಂಬಿದ ಒಂದು ಸಿಲಿಂಡರು. ಬಾತ್‌ರೂಮಿನ ಬಾಗಿಲು, ಲಿಫ್ಟಿನ ಒಳಅಳತೆಯನ್ನೂ ಗಾಲಿಕುರ್ಚಿ ತಂದೇ ನೋಡಿದೆ. ಕಾರು ಹತ್ತಿಸಲು ಮಾಡಿದ ಇಳಿಜಾರನ್ನು ನಂಬಬೇಡಿ. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು.

ಹೀಗೆ ಎಲ್ಲ ಲೆಕ್ಕದಲ್ಲೂ ಪಾಸಾದ ಮನೆಯೊಂದು ತುರಹಳ್ಳಿ ಕಾಡಿನ ಕಡೆ ಸಿಕ್ಕಿತು. ಏಳನೇ ಮಹಡಿ, ಒಳ್ಳೆಯ ಗಾಳಿ. ಅವ್ವನನ್ನು ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದೆ. ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ‘ಇಲ್ಲಿ ಉಸಿರು ಬರ್ತದಪ್ಪ. ಮಾತು ಯಾರ ಹತ್ರ ಆಡ್ಲಿ?’ ಎಂದರು. ವಾಸ್ತುವಿನವರು ಅವ್ವನನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕೊನೆಗೆ ಹಿಡಿದದ್ದು ಇಲ್ಲೇ, ಮೊದಲ ಮಹಡಿ, ಲಿಫ್ಟ್ ಇದೆ. ಅವ್ವನ ಕೋಣೆಗೆ ಎರಡು ಕಡೆ ಕಿಟಕಿ. ಬಾಲ್ಕನಿಯಿಂದ ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡಬಹುದು. ಬಾಗಿಲು ದಕ್ಷಿಣಕ್ಕೆ. ಹಾಲುಕ್ಕಿಸುವ ದಿನ ಅಣ್ಣ ಬರಲಿಲ್ಲ.

ಅವತ್ತು ಪೂಜೆಗೆ ಕೂತ ಅವ್ವನೇ ಊದಿನಕಡ್ಡಿ ಎತ್ತಿಡಿಸಿದರು. ಡಾಕ್ಟರು ಬೇಡವೆಂದಿದ್ದರೂ ಹೇಳಲು ನಮಗೆ ಧೈರ್ಯ ಬಂದಿರಲಿಲ್ಲ. ‘ಒಲೆ ಹೊಗೆ ಕುಡ್ದಿದ್ದು ಸಾಕು. ಲಿಂಗಯ್ಯನೂ ನನ್ನ ಎದೆ ಮೇಲೇ ಇರ್ತಾನೆ, ಅವನಿಗೂ ಹೊಗೆ ಬೇಡ’ ಎಂದರು.

ಕಾಯಿಲೆ ಹೋಗಿಲ್ಲ. ಈ ವರ್ಷವೂ ಒಮ್ಮೆ ಆಸ್ಪತ್ರೆಗೆ ಸೇರಿಸಿದ್ದೆವು, ಎರಡು ದಿನಕ್ಕೆ ಮನೆಗೆ ಬಂದರು. ಅಣ್ಣ ದೀಪಾವಳಿಗೆ ಬಂದಿದ್ದರು. ಬಾಗಿಲ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಟೇಪು, ಪ್ಲಾಸ್ಟಿಕ್ ಹಾಳೆ ಈಗಲೂ ನನ್ನ ಚೀಲದಲ್ಲಿವೆ. ಈ ಭಾಗದಲ್ಲಿ ಹಿರಿಯರಿಗಾಗಿ ಮನೆ ನೋಡುತ್ತಿರುವವರು ಸಭೆ ಮುಗಿದ ಮೇಲೆ ಹೇಳಿ, ಜೊತೆಗೆ ಬರುತ್ತೇನೆ. ಬೆಳಗ್ಗೆ ಆರಕ್ಕೆ ಹೊರಡಬೇಕಾಗುತ್ತದೆ, ಅಷ್ಟೇ.