ಬಂಡಿಯ ಬಣ್ಣ



ರಾಯಚೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯಲ್ಲಿ ಜವಳಗೇರಾ ಎಂಬ ಊರೊಂದಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ ಅದು. ಕೇಂದ್ರ ಸರಕಾರದ ಬೀಜೋತ್ಪಾದನೆಯ ವಿಸ್ತಾರವಾದ ಕ್ಷೇತ್ರವೂ ಅಲ್ಲಿಯೇ ಇದೆ. ಒಂದು ದಿನ ಮುಸ್ಸಂಜೆಯ ಹೊತ್ತಿನಲ್ಲಿ ನಾನು ಆ ಊರ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗಾಗಿ ಕಾದಿದ್ದೆನು. ಸಿಂಧನೂರಿಗೆ ಹೋಗಬೇಕಾದ ವೃದ್ಧೆಯೊಬ್ಬಳು ಬಳಿಗೆ ಬಂದು, “ತಮ್ಮಾ, ಕೆಂಪು ಬಸ್ಸು ಹೋತೇನು?” ಎಂದು ಕೇಳಿದಳು. ಇನ್ನೂ ಬಂದಿಲ್ಲವೆಂದೆನು. ಸ್ವಲ್ಪ ಹೊತ್ತಿಗೆ ಬಸ್ಸೊಂದು ಬಂದಿತು. ಅದರ ಮೈಯನ್ನೆಲ್ಲ ಯಾವುದೋ ಸರಕಿನ ಜಾಹೀರಾತು ಮುಚ್ಚಿತ್ತು. ಅಜ್ಜಿ ಕೈಯೆತ್ತಲಿಲ್ಲ, ಬಸ್ಸು ನಿಲ್ಲಲಿಲ್ಲ. ಅದು ಮುಂದೆ ಸಾಗಿದ ಮೇಲೆ ಹಿಂಬದಿಯ ಫಲಕವನ್ನು ನಾನು ಓದಿದೆನು. ಆಕೆ ಕಾಯುತ್ತಿದ್ದ ಬಸ್ಸೇ ಅದಾಗಿದ್ದಿತು. ಮುಂದಿನದಕ್ಕಾಗಿ ಆಕೆ ಕತ್ತಲೆಯಲ್ಲಿ ಒಂದು ಗಂಟೆ ಕಾಯಬೇಕಾಯಿತು.

ಬಂಡಿಯ ಬಣ್ಣವು ಅಲಂಕಾರದ ಮಾತು, ಹಣವೂ ಬಿಡುವೂ ಉಳ್ಳವರ ವಿನೋದ ಎಂದು ನಾನು ಅದುವರೆಗೆ ಎಣಿಸಿದ್ದೆನು. ಆ ಸಂಜೆಯಿಂದ ನನ್ನ ಅಭಿಪ್ರಾಯವು ಬದಲಾಯಿತು. ಓದಬಲ್ಲ ನಮಗೆ ಬಸ್ಸಿನ ಹಣೆಯ ಮೇಲೆ ಊರಿನ ಹೆಸರಿದೆ. ಓದಲಾರದವರಿಗೆ, ಓದಬಲ್ಲವರಾದರೂ ಕಣ್ಣು ಮಬ್ಬಾದವರಿಗೆ, ಬಂಡಿಯ ಮೈಯೇ ಫಲಕ, ಬಣ್ಣವೇ ಅಕ್ಷರ. ಈ ಅಕ್ಷರವನ್ನು ಯಾರು ಬರೆಯಬೇಕು, ಹೇಗೆ ಬರೆಯಬೇಕು, ಯಾರು ಅಳಿಸಬಾರದು ಎಂಬುದೇ ಇಂದಿನ ನನ್ನ ವಿಷಯ.

ಬೀದಿಯ ಬಂಡಿಗೆ ಬಣ್ಣ ಬಂದ ಕತೆ ಹಳೆಯದು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳೆಳೆಯುವ ಟ್ರಾಮು ಓಡಿತು. 1907ರಲ್ಲಿ ವಿದ್ಯುಚ್ಛಕ್ತಿಯದು ಬಂದಿತು. 1964ರಲ್ಲಿ ಕಡೆಯ ಬಂಡಿ ನಿಂತಿತು. ಮದರಾಸಿನಲ್ಲಿ 1895ರಲ್ಲಿ ಪ್ರಾರಂಭವಾದ ವಿದ್ಯುತ್ ಟ್ರಾಮು 1953ರವರೆಗೆ ನಡೆಯಿತು. ಲಂಡನ್ನಿನಲ್ಲಿ ಅನೇಕ ಕಂಪೆನಿಗಳ ಬಸ್ಸುಗಳು ಒಂದೇ ಬೀದಿಯಲ್ಲಿ ಪೈಪೋಟಿ ನಡೆಸುತ್ತಿದ್ದ ಕಾಲದಲ್ಲಿ, 1907ರಲ್ಲಿ, ಜನರಲ್ ಎಂಬ ದೊಡ್ಡ ಕಂಪೆನಿಯು ತನ್ನ ಬಂಡಿಗಳನ್ನು ದೂರದಿಂದಲೇ ಗುರುತಿಸಲೆಂದು ಅವಕ್ಕೆಲ್ಲ ಕೆಂಪು ಬಣ್ಣವನ್ನು ಬಳಿಸಿತು. ವ್ಯಾಪಾರಕ್ಕಾಗಿ ಹುಟ್ಟಿದ ಆ ಕೆಂಪು ಕ್ರಮೇಣ ಊರಿನ ಗುರುತೇ ಆಯಿತು. ನಮ್ಮ ಸೀಮೆಯಲ್ಲಿ ಸರಕಾರಿ ಬಸ್ಸಿನ ಚರಿತ್ರೆಯು 1932ರಲ್ಲಿ ಮೊದಲಾಗುತ್ತದೆ. ನಿಜಾಮ ಸರಕಾರದ ರೈಲ್ವೆಯು ಆ ವರ್ಷ ರಸ್ತೆ ಸಾರಿಗೆಯ ಶಾಖೆಯನ್ನು ತೆರೆದು, 27 ಬಸ್ಸುಗಳನ್ನು ಓಡಿಸತೊಡಗಿತು. ಮೈಸೂರು ಸರಕಾರದ ಸಾರಿಗೆಯು 1948ರಲ್ಲಿ ಆರಂಭವಾಯಿತು. 1956ರಲ್ಲಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಈಗ ಈ ಭಾಗದಲ್ಲಿ ಬಸ್ಸು ನಡೆಸುವ ಸಂಸ್ಥೆಗೆ 2021ರಿಂದ ಕಲ್ಯಾಣ ಕರ್ನಾಟಕ ಎಂಬ ಹೆಸರಿದೆ. ಹೆಸರುಗಳು ಹಲವು ಸಲ ಬದಲಾದರೂ ಜನರ ಬಾಯಲ್ಲಿ ಉಳಿದುದು “ಕೆಂಪು ಬಸ್ಸು” ಎಂಬ ಒಂದೇ ಮಾತು.

ಬೆಂಗಳೂರಿನ ಬೀದಿಗಳಲ್ಲಿ ಟ್ರಾಮು ಓಡಲಿಲ್ಲ. ಅದರ ಸ್ಥಾನದಲ್ಲಿ ನಮ್ಮ ಮೆಟ್ರೋ 2011ನೆಯ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಸಂಚಾರವನ್ನು ಪ್ರಾರಂಭಿಸಿತು. ಅದರ ಬಂಡಿಗಳ ರಚನೆಯು ಗಮನಾರ್ಹವಾದುದು. ಅವುಗಳ ಮೈ ತುಕ್ಕು ಹಿಡಿಯದ ಉಕ್ಕಿನದು. ಅದಕ್ಕೆ ಪೂರ್ತಿ ಬಣ್ಣ ಬಳಿಯಬೇಕಾಗಿಲ್ಲ. ಮಾರ್ಗದ ಬಣ್ಣವನ್ನು ಪಟ್ಟಿಯಾಗಿ ಎಳೆದಿದ್ದಾರೆ. ಮೊದಲ ಮಾರ್ಗವು ನೇರಳೆ, ಎರಡನೆಯದು ಹಸಿರು. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರಕ್ಕೆ ತೆರೆದುದು ಹಳದಿ. ಮಾರ್ಗಕ್ಕೆ ಬಣ್ಣದ ಹೆಸರನ್ನೇ ಇಟ್ಟುದರಿಂದ, ಕನ್ನಡ ಬಾರದ ಹೊಸಬನೂ ಇಂಗ್ಲಿಷು ಬಾರದ ಹಳಬನೂ ಒಂದೇ ಗುರುತನ್ನು ಹಿಡಿದು ನಡೆಯಬಹುದು. ಹೊಳೆಯುವ ಉಕ್ಕು, ಒಂದೇ ಒಂದು ಪಟ್ಟಿ: ಮಿತವಾದ ಈ ವ್ಯವಸ್ಥೆಯಲ್ಲಿ ವಿವೇಕವಿದೆ.

ಆದರೆ ಬಣ್ಣವೊಂದನ್ನೇ ನೆಚ್ಚುವುದು ಸರಿಯಲ್ಲ. ಕೆಲವರ ಕಣ್ಣು ಹುಟ್ಟಿನಿಂದಲೇ ಕೆಲವು ಬಣ್ಣಗಳನ್ನು ಬೇರ್ಪಡಿಸಲಾರದು; ಈ ಕೊರತೆ ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಕೆಂಪಿನ ಅಂಶವನ್ನು ಕಾಣದವನಿಗೆ ನೇರಳೆಯೂ ನೀಲಿಯಾಗಿಯೇ ತೋರಬಹುದು. ಇನ್ನೊಂದು ಸಂಗತಿಯುಂಟು. ಬೆಳಕು ಕಡಮೆಯಾದಂತೆ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ನೀಲಿ, ಹಸಿರುಗಳು ಅನಂತರವೂ ಕೆಲಹೊತ್ತು ಕಾಣುತ್ತವೆ. ಕಳೆದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಬೊಹೀಮಿಯದ ವಿದ್ವಾಂಸನು ಇದನ್ನು ಗುರುತಿಸಿದನು. ಹಗಲಿನಲ್ಲಿ ಅರ್ಧ ಮೈಲಿಯಿಂದ ಕಣ್ಸೆಳೆಯುವ ಕೆಂಪು ಬಸ್ಸು, ಗದ್ದೆಯ ಕೆಲಸ ಮುಗಿಸಿ ಕೂಲಿಕಾರರು ರಸ್ತೆಗೆ ಬರುವ ಹೊತ್ತಿಗೆ ಕರಿಯ ನೆರಳಾಗುತ್ತದೆ. ಅಮೆರಿಕದಲ್ಲಿ 1939ರಲ್ಲಿ ಶಾಲೆಯ ಬಸ್ಸುಗಳ ಬಣ್ಣವನ್ನು ನಿರ್ಣಯಿಸಲು ಸಭೆ ಸೇರಿದವರು ಹಳದಿಯನ್ನು ಆರಿಸಿದುದು ಇಂಥ ಕಾರಣದಿಂದಲೇ. ಮಬ್ಬುಗತ್ತಲೆಯಲ್ಲಿಯೂ ಅದರ ಮೇಲೆ ಬರೆದ ಕಪ್ಪು ಅಕ್ಷರವು ಚೆನ್ನಾಗಿ ಕಾಣುವುದು. ಆದಕಾರಣ ನಮ್ಮ ಕೆಂಪನ್ನು ಬಿಡಬೇಕಾಗಿಲ್ಲ. ಅದರ ಹಣೆಗೂ ಪಕ್ಕೆಗೂ ಅಗಲವಾದ ತಿಳಿಬಣ್ಣದ ಪಟ್ಟಿಯೊಂದು ಬೇಕು, ಅಷ್ಟೆ. ಮೇಲ್ಚಾವಣಿಗೆ ಬಿಳಿಯೇ ಯೋಗ್ಯ. ಬಿಸಿಲನ್ನು ಹಿಂದಕ್ಕೆ ತಳ್ಳುವ ಗುಣ ಬಿಳಿಗಿದೆ. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಣ್ಣದ ಜೊತೆಗೆ ಆಕಾರವನ್ನೂ ವಿಚಾರಿಸಬೇಕು. ಅಮೆರಿಕದ ಟ್ರಾಮು ಸಂಸ್ಥೆಗಳ ಅಧ್ಯಕ್ಷರು ಮೋಟಾರಿನ ಪೈಪೋಟಿಗೆ ಹೆದರಿ ಒಂದು ಸಮಿತಿಯಾಗಿ ಕೂಡಿ, ವರ್ಷಗಟ್ಟಲೆ ಪ್ರಯೋಗ ನಡೆಸಿ, 1936ರಲ್ಲಿ ಹೊಸ ಮಾದರಿಯ ಬಂಡಿಯನ್ನು ಹೊರಡಿಸಿದರು. ಗಾಲಿಗಳಲ್ಲಿ ರಬ್ಬರನ್ನು ಸೇರಿಸಿ ಸದ್ದನ್ನು ಅಡಗಿಸಿದರು. ಕುಲುಕಾಟವಿಲ್ಲದೆ ವೇಗವಾಗಿ ಹೊರಡುವಂತೆ ಮಾಡಿದರು. ಪ್ರಯಾಣಿಕನ ಸುಖವನ್ನು ಅಳೆದು ತೂಗಿ ಬಂಡಿಯನ್ನು ಕಟ್ಟಿದುದೇ ಅವರ ಹಿರಿಮೆ. ನಮ್ಮ ಮೆಟ್ರೋದಲ್ಲಿ ನಿಲ್ದಾಣದ ಕಟ್ಟೆಯೂ ಬಂಡಿಯ ನೆಲವೂ ಒಂದೇ ಮಟ್ಟದಲ್ಲಿವೆ. ಮುದುಕರು ಹೆಜ್ಜೆಯೆತ್ತದೆ ಒಳಗೆ ಹೋಗುತ್ತಾರೆ. ಹಳ್ಳಿಯ ಬಸ್ಸಿನ ಮೊದಲ ಪಾವಟಿಗೆಯಾದರೋ ಮೊಣಕಾಲೆತ್ತರದಲ್ಲಿರುತ್ತದೆ. ಬುಟ್ಟಿ ಹೊತ್ತ ಹೆಂಗಸು ಅದನ್ನು ಏರಬೇಕು. ಪಟ್ಟಣಕ್ಕೆ ದೊರೆತ ಸೌಕರ್ಯವು ಹಳ್ಳಿಯ ಹಕ್ಕೂ ಅಲ್ಲವೇ?

ಮರಳಿ ಜಾಹೀರಾತಿನ ಮಾತಿಗೆ ಬರುತ್ತೇನೆ. 2023ನೆಯ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಮೇರೆಗೆ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಯಿತು. ಐಷಾರಾಮಿ ಬಸ್ಸುಗಳು ಅದಕ್ಕೆ ಸೇರಲಿಲ್ಲ. ಹೀಗಾಗಿ ಬಂಡಿಯ ಬಣ್ಣವು ಊರನ್ನು ಮಾತ್ರವಲ್ಲದೆ ದರವನ್ನೂ ಹೇಳತೊಡಗಿತು. ಹತ್ತುವ ಮೊದಲೇ ಸೆರಗಿನ ಗಂಟನ್ನು ಬಿಚ್ಚಬೇಕೇ ಬೇಡವೇ ಎಂಬುದನ್ನು ದೂರದಿಂದ ಅದು ತಿಳಿಸುತ್ತದೆ. ಸಂಸ್ಥೆಗಳಿಗೆ ಹಣ ಬೇಕು, ಜಾಹೀರಾತು ಹಣವನ್ನು ತರುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಬಸ್ಸಿನ ಹಿಂಬದಿಯಲ್ಲಿ ಅದಕ್ಕೆ ಸ್ಥಳವಿರಲಿ, ಒಳಗೂ ಇರಲಿ. ಆದರೆ ಮುಖವನ್ನೂ ಬಾಗಿಲಿರುವ ಪಕ್ಕೆಯನ್ನೂ ಮಾರಬಾರದು. ಅವು ಕಾಯುವವರ ಸ್ವತ್ತು. ಮೈಲಿಗಲ್ಲಿನ ಅಂಕಿಯ ಮೇಲೆ ಸಾಬೂನಿನ ಹೆಸರನ್ನು ಯಾರೂ ಬರೆಯಲಾರರು. ಬಸ್ಸಿನ ಬಣ್ಣವೂ ಹಾಗೆಯೇ ಒಂದು ನಡೆದಾಡುವ ಮೈಲಿಗಲ್ಲು.

ಒಟ್ಟಿನಲ್ಲಿ ಕೇಳುವುದಿಷ್ಟೇ: ಒಂದು ಬಗೆಯ ಬಂಡಿಗೆ ಒಂದು ಬಣ್ಣ, ಅದು ಅಧಿಕಾರಿಗಳು ಬದಲಾದಾಗಲೆಲ್ಲ ಬದಲಾಗದಿರಲಿ, ಬಣ್ಣದ ಜೊತೆಗೆ ದೊಡ್ಡ ಅಂಕಿ, ದೊಡ್ಡ ಕನ್ನಡ ಅಕ್ಷರ, ಸಂಜೆಗೂ ಕಾಣುವ ತಿಳಿಪಟ್ಟಿ, ಏರಲು ತಗ್ಗಿನ ಪಾವಟಿಗೆ. ಸಿಂಧನೂರಿಗೆ 2024ರಲ್ಲಿ ರೈಲು ಬಂದಿತು. ನಗರಗಳಲ್ಲಿ ಹೊಸ ಮಾರ್ಗಗಳು ತೆರೆಯುತ್ತಿವೆ. ಹೊಸ ಬಂಡಿಗಳ ನಕ್ಷೆಗಳು ಮೇಜುಗಳ ಮೇಲೆ ಹರಡುತ್ತಲೇ ಇರುತ್ತವೆ. ಬಣ್ಣದ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ಯಾವುದು ಚೆಲುವೆಂದು ಆರಿಸುವವರು, ಆರಿಸುವ ಮೊದಲು ಒಂದು ಮುಸ್ಸಂಜೆ ಜವಳಗೇರಾದಂಥ ನಿಲ್ದಾಣದಲ್ಲಿ ನಿಂತು ನೋಡಲಿ. ಪಕ್ಕದಲ್ಲಿ ನಿಂತ ಅಜ್ಜಿ ಯಾರನ್ನೂ ಕೇಳದೆ ತಾನಾಗಿ ಕೈಯೆತ್ತಿದರೆ, ಆ ಬಣ್ಣವು ಚೆಲುವಾದುದೆಂದು ನಿಶ್ಚಯಿಸಬಹುದು.